ಬೆಳಗೊಳದಲ್ಲಿ ರಿಜಿಸ್ಟರ್ ಪೋಸ್ಟಿನ ಕೊನೆಯ ದಿನ

2025ರ ಸೆಪ್ಟೆಂಬರ್ 30, ಮಂಗಳವಾರ, ದುರ್ಗಾಷ್ಟಮಿ. ನೀವು ಅಂಚೆ ಕಚೇರಿಯ ಕೌಂಟರಿನ ಎದುರು ಇಬ್ಬರ ಹಿಂದೆ ನಿಂತಿದ್ದೀರಿ. ಕೆಆರ್‌ಎಸ್ ನೋಡಲು ಹೊರಟ ದಸರಾ ಗಾಡಿಗಳ ಹಾರನ್ ಒಳಗಿನವರೆಗೂ ಕೇಳುತ್ತಿದೆ. ಮುಂದಿರುವ ಹುಡುಗ ಶ್ರೀರಂಗಪಟ್ಟಣದ ವಕೀಲರೊಬ್ಬರ ಗುಮಾಸ್ತ, ಮನೆ ಇದೇ ಊರಲ್ಲಿ. ಕಂಕುಳಲ್ಲಿ ಒಂದು ಕಟ್ಟು ಕಂದು ಲಕೋಟೆ.

"ಎಲ್ಲಾ ರಿಜಿಸ್ಟರ್ರೇ ಮೇಡಂ. ಇವತ್ತೇ ಬುಕ್ ಮಾಡ್ಬಿಡಿ. ನಾಳೆ ರೇಟಲ್ಲಿ ಮಾಡಿಸ್ಕೊಂಡು ಹೋದ್ರೆ ನಮ್ ಸಾರು ನನ್ನ ಸಂಬಳದಲ್ಲೇ ಹಿಡ್ಕೋತಾರೆ."

ಕೌಂಟರಿನ ಹುಡುಗಿ ತಲೆಯೆತ್ತುವುದಿಲ್ಲ. ಲಕೋಟೆಯನ್ನು ತೂಕದ ಯಂತ್ರದ ಮೇಲಿಡುತ್ತಾಳೆ, ಪಿನ್‌ಕೋಡ್ ಒತ್ತುತ್ತಾಳೆ, ಬಾರ್‌ಕೋಡ್ ಚೀಟಿ ಕಿತ್ತು ಅಂಟಿಸುತ್ತಾಳೆ. ಆರ್‌ಕೆ ಎಂದು ಶುರುವಾಗಿ ಐಎನ್ ಎಂದು ಮುಗಿಯುವ ಹದಿಮೂರು ಅಕ್ಷರ, ಅಂಕಿ. ಪಕ್ಕದಲ್ಲಿ ಅದೇ ಚೀಟಿಗಳ ಸುರುಳಿ ಇನ್ನೂ ಅರ್ಧ ಉಳಿದಿದೆ. ಇದೇನು ಮಾಡ್ತೀರಿ ಎಂದು ನೀವು ಕೇಳಿದರೆ, "ವಾಪಸ್ ಕಳ್ಸಿ ಅಂದ್ರೆ ಕಳಿಸೋದು ಸಾರ್" ಎನ್ನುತ್ತಾಳೆ. ಮುಂದಿನ ಲಕೋಟೆಗೆ ಕೈ ಹಾಕುತ್ತಾಳೆ.

ನಾಳೆಯಿಂದ ರಿಜಿಸ್ಟರ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ದೇಶದೊಳಗೆ ಇರುವುದಿಲ್ಲ. ಅದು ಸ್ಪೀಡ್ ಪೋಸ್ಟಿನೊಳಗೆ ಸೇರುತ್ತದೆ. ಜುಲೈ ಮೊದಲ ವಾರದಲ್ಲೇ ಸುತ್ತೋಲೆ ಹೊರಟಿತ್ತು. ಮೊದಲು ಸೆಪ್ಟೆಂಬರ್ 1 ಎಂದರು, ಆಮೇಲೆ ಅಕ್ಟೋಬರ್ 1 ಎಂದರು. ನಡುವೆ ಊರೂರಿನ ವಾಟ್ಸಾಪಿನಲ್ಲಿ ಕೆಂಪು ಅಂಚೆಪೆಟ್ಟಿಗೆಯನ್ನೇ ಕಿತ್ತುಹಾಕುತ್ತಾರಂತೆ ಎಂಬ ಸುದ್ದಿ ಹರಿದಾಡಿ, ಅದು ಸುಳ್ಳು ಎಂದು ಸರ್ಕಾರ ಹೇಳಬೇಕಾಯಿತು. ರಿಜಿಸ್ಟರ್ ಕೂಡ ಮುಚ್ಚುತ್ತಿಲ್ಲ, ವಿಲೀನವಾಗುತ್ತಿದೆ ಅಷ್ಟೇ ಎಂಬುದು ಇಲಾಖೆಯ ಮಾತು. ಸರಿಯೇ. ಆದರೆ ಕೌಂಟರಿನ ಈಚೆ ನಿಂತವರಿಗೆ ವಿಲೀನ ಕಾಣುವುದು ರಸೀದಿಯ ಕೊನೆಯ ಸಾಲಿನಲ್ಲಿ. 20 ಗ್ರಾಂ ಒಳಗಿನ ರಿಜಿಸ್ಟರ್ ಪತ್ರಕ್ಕೆ ಇವತ್ತು 25 ರೂಪಾಯಿ 96 ಪೈಸೆ. ನಾಳೆಯಿಂದ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟಿಗೆ ಸ್ಥಳೀಯವಾದರೆ 19, ಹೊರಗಿನ ಊರಿಗಾದರೆ 47. ವಿಳಾಸದಾರನ ಕೈಗೇ ಕೊಡಬೇಕು ಎಂದರೆ 'ರಿಜಿಸ್ಟ್ರೇಷನ್' ಎಂದು ಮೇಲೆ 5. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ.

ಗುಮಾಸ್ತ ಆಗಲೇ ಮೊಬೈಲಿನಲ್ಲಿ ಲೆಕ್ಕ ಹಾಕಿಟ್ಟಿದ್ದಾನೆ. "ಬೆಂಗ್ಳೂರಿಗೆ ಒಂದು ನೋಟಿಸು, ಅರವತ್ತೊಂದು ರೂಪಾಯಿ ಮೂವತ್ತಾರು ಪೈಸೆ." ಪರದೆಯನ್ನು ನಿಮ್ಮ ಮುಖಕ್ಕೆ ಹಿಡಿಯುತ್ತಾನೆ. "ಚೆಕ್ ಬೌನ್ಸ್ ಆದ್ರೆ ಮೂವತ್ತು ದಿನದೊಳ್ಗೆ ನೋಟಿಸ್ ಕೊಡ್ಬೇಕು. ಅವನ ಕೈ ಸೇರಿ ಹದಿನೈದು ದಿನ ಕಾಯ್ಬೇಕು. ಎಂದು ಸೇರ್ತು ಅನ್ನೋದೇ ಕೇಸು. ನಮ್ಗೆ ಸ್ಪೀಡ್ ಯಾಕೆ ಸಾರ್, ಸೈನ್ ಬೇಕು."

ಈ ಹುಡುಗನ ಮಾತನ್ನು ನಾನು ಯಾವ ಅಧಿಕಾರಿಯ ವಿವರಣೆಗಿಂತಲೂ ಹೆಚ್ಚು ನಂಬುತ್ತೇನೆ. ರಿಜಿಸ್ಟರ್ ಮಾಡಿಸುವವರು ಅವಸರದವರಲ್ಲ. ಅವಸರದವರಿಗೆ 1986ರ ಆಗಸ್ಟ್ 1ರಿಂದಲೇ ಸ್ಪೀಡ್ ಪೋಸ್ಟ್ ಇತ್ತು. ಇವರು ಕೊಳ್ಳುತ್ತಿದ್ದುದು ಸಾಕ್ಷಿಯನ್ನು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮು, ಸರಿಯಾದ ವಿಳಾಸ ಬರೆದು, ಹಣ ಕಟ್ಟಿ ರಿಜಿಸ್ಟರ್ ಅಂಚೆಗೆ ಹಾಕಿದ ಪತ್ರ ಮುಟ್ಟಿದೆಯೆಂದೇ ನ್ಯಾಯಾಲಯ ಭಾವಿಸಬೇಕು ಎನ್ನುತ್ತದೆ. ಮುಟ್ಟಿಲ್ಲ ಎಂದು ತೋರಿಸುವುದು ಎದುರಿನವನ ಕೆಲಸ. ಬಡವನೊಬ್ಬ ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ದಾಯಾದಿಗೋ 'ನಾನು ಹೇಳಿದ್ದೆ' ಎಂದು ದಾಖಲೆ ಸಮೇತ ಹೇಳಲು ಇದಕ್ಕಿಂತ ಅಗ್ಗದ ದಾರಿ ದೇಶದಲ್ಲಿ ಬೇರೊಂದಿರಲಿಲ್ಲ. ಬೇಡಿಕೆ ಕುಸಿಯಿತು ಎಂಬುದು ವಿಲೀನಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. 2011-12ರಲ್ಲಿ 24.44 ಕೋಟಿ ಇದ್ದ ರಿಜಿಸ್ಟರ್ ಪತ್ರಗಳು 2019-20ಕ್ಕೆ 18.46 ಕೋಟಿಗೆ ಇಳಿದವಂತೆ. ಇಳಿದದ್ದು ನಿಜ, ಆದರೆ ಹದಿನೆಂಟು ಕೋಟಿಯನ್ನು ನೋಡಿ ಯಾರೂ ಬಳಸದ ಸೇವೆ ಎನ್ನಲು ನನಗಂತೂ ನಾಲಗೆ ಬಾರದು.

ಹಿಂದಿನ ಬಾಗಿಲಿನಿಂದ ಪೋಸ್ಟ್‌ಮ್ಯಾನ್ ಚೀಲ ಹೊತ್ತು ಹೊರಡುತ್ತಾರೆ. ನೀವೂ ಹಿಂದೆ ಹೊರಡಿ. ಟಿವಿಎಸ್ ಎಕ್ಸೆಲ್ಲಿನ ಹಿಂಬದಿ ಸೀಟು ಗಟ್ಟಿ, ಕಾಲಿಡಲು ಜಾಗ ಕಡಿಮೆ. ಈ ವರ್ಷ ಕನ್ನಂಬಾಡಿ ಜೂನ್ ತಿಂಗಳಲ್ಲೇ ತುಂಬಿ, ಮುಖ್ಯಮಂತ್ರಿ ಬಾಗಿನ ಬಿಟ್ಟು ಹೋಗಿದ್ದರು. ಕಟ್ಟೆ ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಇದೇ ಮೊದಲು. ಹಾಗಾಗಿ ಗದ್ದೆಬಯಲು ಕಣ್ಣಿಗೆ ಹೊಡೆಯುವಷ್ಟು ಹಸಿರು. ಗಾಡಿ ಓಡಿಸುತ್ತಲೇ ಅವರು ಹಿಂದಕ್ಕೆ ತಿರುಗಿ ಮಾತಾಡುತ್ತಾರೆ. ಇದು ನಿಮಗೆ ಅಷ್ಟೇನೂ ಹಿತವೆನಿಸುವುದಿಲ್ಲ.

"ನಮಗೆ ಒಂದು ಲೆಕ್ಕಕ್ಕೆ ಸಲೀಸು ಸಾರ್. ರಿಜಿಸ್ಟರ್‌ದೇ ಒಂದು ಲಿಸ್ಟು, ಸ್ಪೀಡ್‌ದೇ ಒಂದು ಲಿಸ್ಟು ಅಂತ ಇತ್ತು. ಇನ್ನು ಒಂದೇ. ಆದ್ರೆ ಬೇಗ ಕೊಡ್ಬೇಕು ಅನ್ನೋದು ಈಗ ಎಲ್ಲಾದಕ್ಕೂ ಬಂತು. ಹಬ್ಬದ ದಿನ ಮನೇಲಿ ಜನಾನೇ ಇರಲ್ಲ."

ಜೇಬಿನಿಂದ ಮೊಬೈಲು ತೆಗೆದು ತೋರಿಸುತ್ತಾರೆ. ಇಲಾಖೆಯ ಹೊಸ ತಂತ್ರಾಂಶವನ್ನು ದೇಶದಲ್ಲಿ ಮೊದಲು ಪರೀಕ್ಷೆಗೆ ಬಿಟ್ಟದ್ದು ಕರ್ನಾಟಕ ವೃತ್ತದಲ್ಲೇ, ಇದೇ ವರ್ಷ ಮೇ-ಜೂನ್‌ನಲ್ಲಿ. ಮಿಕ್ಕ ರಾಜ್ಯಗಳಿಗೆ ಆಗಸ್ಟ್ ಹೊತ್ತಿಗೆ ಬಂತು. ನಾಳೆಯಿಂದ 5 ರೂಪಾಯಿ ಹೆಚ್ಚು ಕೊಟ್ಟರೆ ಒಟಿಪಿ ಹೇಳಿದವರಿಗಷ್ಟೇ ಲಕೋಟೆ ಕೊಡುವ ಸೌಲಭ್ಯವೂ ಇರುತ್ತದೆ. "ಒಟಿಪಿ ಮಗನ ಫೋನಿಗೆ ಹೋಗತ್ತೆ, ಮಗ ಬೆಂಗ್ಳೂರಲ್ಲಿ ಡ್ಯೂಟೀಲಿರ್ತಾನೆ, ಲಕೋಟೆ ಅಪ್ಪನ ಹೆಸ್ರಲ್ಲಿ ಇಲ್ಲಿರತ್ತೆ" ಎಂದು ನಗುತ್ತಾರೆ.

ಒಂದು ಹೆಂಚಿನ ಮನೆಯ ಮುಂದೆ ಗಾಡಿ ನಿಲ್ಲುತ್ತದೆ. ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದ ನಡುವಯಸ್ಸಿನಾತ ಲಕೋಟೆ ಕಂಡದ್ದೇ ಎದ್ದು ನಿಲ್ಲುತ್ತಾನೆ.

"ಎಲ್ಲಿಂದಣ್ಣ?"

"ನಿನ್ ತಂಗಿ ಕಡೆ ವಕೀಲ್ರಿಂದ."

"ಊರಲ್ಲಿಲ್ಲ ಅಂತ ಬರ್ಕೊಂಡು ಓಗ್ಬುಡಣ್ಣೋ."

"ನನ್ ಎದ್ರುಗೇ ನಿಂತಿದ್ದೀಯಲ್ಲೋ ಮಾರಾಯ!"

ಭಾಗದ ಜಗಳ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಇಂಥ ಲಕೋಟೆಗಳು ಈ ಬೀದಿಗೆ ಹೊಸದಲ್ಲವಂತೆ. ಪೋಸ್ಟ್‌ಮ್ಯಾನ್ ಜಗಲಿಯ ಅಂಚಿನಲ್ಲಿ ಕೂತು ಸಾವಧಾನವಾಗಿ ತಿಳಿಹೇಳುತ್ತಾರೆ. ಬೇಡ ಅಂದರೆ ನಾನು 'ರೆಫ್ಯೂಸ್ಡ್' ಅಂತ ಬರೀಬೇಕು. ಹಾಗೆ ಬರೆದರೆ ತೊಗೊಂಡಂಗೇ ಲೆಕ್ಕ. ಬೀಗ ಹಾಕಿತ್ತು ಅಂತ ಬರೆದರೆ ಏಳು ದಿನ ಆಫೀಸಲ್ಲಿ ಇರತ್ತೆ, ಚೀಟಿ ಬಿಟ್ಟು ಹೋಗ್ತೀನಿ, ಆಮೇಲೆ ವಾಪಸ್. ಅದೂ ನಿನಗೆ ಉಪಯೋಗಕ್ಕೆ ಬರಲ್ಲ. (ಕಾನೂನು ಓದದ ಈ ಮನುಷ್ಯ ಹೇಳುತ್ತಿರುವುದು 2007ರಲ್ಲಿ ಸುಪ್ರೀಂ ಕೋರ್ಟು ಅಲವಿ ಹಾಜಿ ಪ್ರಕರಣದಲ್ಲಿ ಹೇಳಿದ್ದರ ಸಾರಾಂಶವನ್ನೇ.) ಬನಿಯನ್ನಿನಾತ ಒಳಗೆ ಹೋಗಿ ಹೆಂಡತಿಯ ಜತೆ ಪಿಸುಗುಟ್ಟಿ ಬಂದು, ಪೆನ್ನು ಈಸಿಕೊಂಡು, ಸಹಿ ಹಾಕುತ್ತಾನೆ. ಗುಂಡಗೆ, ನಿಧಾನವಾಗಿ, ಇನಿಷಿಯಲ್ ಸಮೇತ.

"ಬೇರೆ ಕಾಗ್ದ ಆದ್ರೆ ಮನೇಲಿ ಯಾರಿದ್ರೂ ಕೊಟ್ಟು ಬರ್ತೀವಿ" ಎನ್ನುತ್ತಾರೆ ಗಾಡಿ ಹತ್ತುತ್ತ. ಸ್ಪೀಡ್ ಪೋಸ್ಟ್ ಹೋಗುತ್ತಿದ್ದುದು ವಿಳಾಸಕ್ಕೆ. ರಿಜಿಸ್ಟರ್ ಹೋಗುತ್ತಿದ್ದುದು ಆ ಹೆಸರಿನ ಮನುಷ್ಯನಿಗೆ, ಇಲ್ಲವೇ ಅವನು ಬರೆದುಕೊಟ್ಟವರಿಗೆ. ಆ ವ್ಯತ್ಯಾಸವೇ ಇನ್ನು ಐದು ರೂಪಾಯಿಯ ಪ್ರತ್ಯೇಕ ಬಾಬತ್ತು.

ಅರಳಿಕಟ್ಟೆಯ ಹತ್ತಿರ ಒಬ್ಬರು ಹಿರಿಯರು ಕೈ ಅಡ್ಡ ಹಾಕುತ್ತಾರೆ. ಬೆಳಗೊಳದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಿದ್ದ ಆ ಸರ್ಕಾರಿ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. "ನಿಂತೋಯ್ತಂತಲ್ಲಪ್ಪ ರಿಜಿಸ್ಟ್ರು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದುರುಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತರುತ್ತಾರೆ. ಅದರ ತುಂಬ ರಸೀದಿ. ಪಿಎಫ್‌ಗೆ ಬರೆದದ್ದು, ಪಿಂಚಣಿಗೆ ಬರೆದದ್ದು, ಖಾತೆ ಬದಲಾವಣೆಗೆ ತಹಶೀಲ್ದಾರರಿಗೆ ಬರೆದದ್ದು. ಹಳೆಯವು ಕೈಬರಹದವು, ಆಮೇಲಿನವು ಪ್ರಿಂಟರಿನವು. ಪ್ರಿಂಟರಿನವುಗಳ ಅಕ್ಷರ ಅಳಿಸಿಹೋಗಿ ಬಿಳಿ ಕಾಗದವಷ್ಟೇ ಉಳಿದಿದೆ, ಕೈಬರಹ ಹಾಗೇ ಇದೆ.

"ಉತ್ರ ಬರ್ಲಿ ಬುಡ್ಲಿ. ನಾನು ಬರ್ದಿದ್ದೆ ಅನ್ನಾಕೆ ಇದೈತಲ್ಲ."

ಎಷ್ಟಕ್ಕೆ ಉತ್ತರ ಬಂತು ಎಂದು ನೀವು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ.

ಹಾಗೆ ನೋಡಿದರೆ ಈ ತಾಲ್ಲೂಕಿಗೆ ಅಂಚೆಯ ವಿಲೀನ ಹೊಸದೇನಲ್ಲ. ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆ ಶುರುಮಾಡಿದಾಗ ರಾಜಧಾನಿ ಶ್ರೀರಂಗಪಟ್ಟಣ, ಇಲ್ಲಿಂದ ಕೂಗಳತೆಯ ದೂರ. ಅಂಚೆಯವರು ಓಲೆ ಸಾಗಿಸುವುದರ ಜತೆಗೆ ಊರ ಗುಟ್ಟನ್ನೂ ದೊರೆಗೆ ಮುಟ್ಟಿಸುತ್ತಿದ್ದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಆ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ತಂತಿ 2013ರ ಜುಲೈ 14ಕ್ಕೆ ಮುಗಿಯಿತು. ಪುಸ್ತಕ ತರಿಸುವವರ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ಹೋಯಿತು. ಕನ್ನಡದ ಸಣ್ಣ ಪ್ರಕಾಶಕರಿಗೆ ಅದು ಕೊಟ್ಟ ಪೆಟ್ಟು ರಿಜಿಸ್ಟರ್ ಪತ್ರದ್ದಕ್ಕಿಂತ ದೊಡ್ಡದು ಎಂಬುದು ನನ್ನ ಅಂದಾಜು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂದು 300 ಗ್ರಾಂಗೆ 20 ರೂಪಾಯಿಯಿಂದ ಶುರುವಾಗುವ ಬದಲಿ ವ್ಯವಸ್ಥೆ ಬಂದಿದೆ.

ಮೂರು ಗಂಟೆಯ ಹೊತ್ತಿಗೆ ನೀವು ಮತ್ತೆ ಕಚೇರಿಯಲ್ಲಿದ್ದೀರಿ. ಹೊರಗೆ ಒಬ್ಬರು ಸೈಕಲ್ ತೊಳೆಯುತ್ತಿದ್ದಾರೆ, ನಾಳೆ ಆಯುಧಪೂಜೆ. ಕೌಂಟರಿನ ಹುಡುಗಿ ಹೊಸ ದರಪಟ್ಟಿಯನ್ನು ಗೋಡೆಗೆ ಅಂಟಿಸಿ, ಓರೆಯಾಯಿತೇ ಎಂದು ದೂರ ನಿಂತು ನೋಡುತ್ತಾಳೆ. 51ರಿಂದ 250 ಗ್ರಾಂ, 200 ಕಿಲೋಮೀಟರಿನೊಳಗೆ, 59. ವಿದ್ಯಾರ್ಥಿಗಳಿಗೆ ಶೇ 10 ರಿಯಾಯಿತಿ. ಐದು ರೂಪಾಯಿಯ ರಿಜಿಸ್ಟ್ರೇಷನ್ ಬೇಕು ಎಂದು ಜನರೇ ಬಾಯಿಬಿಟ್ಟು ಕೇಳಬೇಕಾ ಎಂದು ನೀವು ವಿಚಾರಿಸುತ್ತೀರಿ. "ಕೇಳ್ಬೇಕು ಸಾರ್. ನಾವೂ ಹೇಳ್ತೀವಿ. ಆದ್ರೆ ಕ್ಯೂ ಇದ್ದಾಗ ಎಲ್ಲರ್ಗೂ ಎಲ್ಲಿ ಹೇಳೋಕಾಗತ್ತೆ?" ನನಗೆ ಬೆಲೆಗಿಂತ ಹೆಚ್ಚು ಚುಚ್ಚುವುದು ಇದು. ಇಲ್ಲಿಯವರೆಗೆ 'ರಿಜಿಸ್ಟರ್' ಎಂದರೆ ಸಾಕಿತ್ತು, ಓದುಬರಹ ಬಾರದವರಿಗೂ ಅದು ಬಾಯಿಪಾಠ. ಇನ್ನು ತಿಳಿದವರು ಕೇಳಿ ಪಡೆಯುತ್ತಾರೆ. ತಿಳಿಯದವರು 47 ಕೊಟ್ಟು, ಯಾರೋ ಸಹಿ ಹಾಕಿಕೊಂಡ ಪತ್ರವನ್ನು ನಂಬಿ ಮನೆಗೆ ಹೋಗುತ್ತಾರೆ.

ಸೆರಗಿನಲ್ಲಿ ಲಕೋಟೆಯೊಂದನ್ನು ಮುಚ್ಚಿಕೊಂಡು ಅರವತ್ತು ದಾಟಿದ ಹೆಂಗಸೊಬ್ಬರು ಬರುತ್ತಾರೆ. ಬೆಳಿಗ್ಗೆ ತಾನೇ ಸಹಿ ಹಾಕಿ ತೆಗೆದುಕೊಂಡದ್ದು, ಸಾಲದ ಬಗ್ಗೆ ಮೈಸೂರಿನ ಕಚೇರಿಯೊಂದರಿಂದ ಬಂದದ್ದು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕಂತೆ.

"ಇವತ್ತೇ ಕಳ್ಸುದ್ರೆ ಹಳೇ ರೇಟಂತೆ, ಹೌದಾ ಮಗಾ?"

"ಹೌದವ್ವ. ಉತ್ರ ಬರ್ಸ್ಕೊಂಡು ಬಂದಿದ್ದೀರಾ?"

"ಲಾಯ್ರಿ ದಸರಾ ಕಳ್ದು ಬಾ ಅಂದವ್ರೆ. ಕೋಲ್ಟು ರಜವಂತೆ."

ಹುಡುಗಿ ಗೋಡೆಯ ಪಟ್ಟಿಯತ್ತ ಕೈ ತೋರಿಸಿ ಹೊಸ ಲೆಕ್ಕ ಹೇಳುತ್ತಾಳೆ. ಅರವತ್ತೊಂದು ಚಿಲ್ಲರೆ. ಮೈಸೂರು ಲೋಕಲ್ಲಿಗೆ ಬರುತ್ತದೋ ಇಲ್ಲವೋ ಅದು ಸಿಸ್ಟಮ್ ಹೇಳಬೇಕು. ಹೆಂಗಸು ಒಂದು ಗಳಿಗೆ ಯೋಚಿಸುತ್ತಾರೆ.

"ಅರವತ್ತೊಂದು ಯಾಕ್ ಕೊಡ್ಲಿ? ನಾನೇ ಬಸ್ಸತ್ತಿ ಓಗಿ ಕೊಟ್ಟು ಬತ್ತೀನಿ. ನಂಗೆ ಟಿಕೀಟಿಲ್ಲ."

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ. ಅದು ಅಂಚೆ ಇಲಾಖೆಗೆ ಪೈಪೋಟಿಯಾಗುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ. ಲಿಸ್ಟು ಒಪ್ಪಿಸುತ್ತಿದ್ದ ಪೋಸ್ಟ್‌ಮ್ಯಾನ್ ತಲೆಯೆತ್ತಿ, "ಓಗವ್ವ, ಆದ್ರೆ ಎರಡು ಪ್ರತಿ ಮಾಡಿಸ್ಕೊಂಡು ಓಗು. ಒಂದನ್ನ ಅವ್ರಿಗೆ ಕೊಡು, ಇನ್ನೊಂದ್ರ ಮೇಲೆ ಸೀಲು, ಸೈನು, ತಾರೀಖು ಹಾಕಿಸ್ಕೊಂಡು ಬಾ" ಎನ್ನುತ್ತಾರೆ.

"ಹಾಕಕಿಲ್ಲ ಅಂದ್ರೆ?"

"ಇಲ್ಗೇ ಬಾ."

"ಬಂದ್ರೆ ಅರವತ್ತೊಂದು ತಕ್ಕಂತೀಯ."

"ತಕ್ಕಬೇಕಲ್ಲವ್ವ" ಎಂದು ಅವರು ಮತ್ತೆ ಲಿಸ್ಟಿಗೆ ಬಗ್ಗುತ್ತಾರೆ.