ಡಬ್ಬಿಯ ಶಕ್ತಿಯನ್ನು ನಂಬುವ ಮುನ್ನ

ನಿಮ್ಮ ಅಡುಗೆಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ. ಅಕ್ಕಿ, ಬೇಳೆ, ಸಕ್ಕರೆಯ ಡಬ್ಬಿಗಳ ನಡುವೆ ಉಬ್ಬಿದ ತೋಳಿನ ಚಿತ್ರವಿರುವ ದೊಡ್ಡ ಡಬ್ಬಿಯೊಂದು ಬಂದು ಕುಳಿತಿದೆಯೇ? ಹಾಗಿದ್ದರೆ ಈ ಮಾತು ನಿಮಗಾಗಿಯೇ.

ಕಳೆದ ಬೇಸಿಗೆಯಲ್ಲಿ ಮೈಸೂರಿನ ರಾಜೀವ್‌ನಗರದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಪಿಯುಸಿ ಓದುತ್ತಿದ್ದಾನೆ. ಹದಿನೇಳಕ್ಕೇ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಓದಿಗಿಂತ ಬಾಸ್ಕೆಟ್‌ಬಾಲ್ ಮೇಲೆಯೇ ಪ್ರಾಣ. ತಂಡದ ಆಯ್ಕೆಗೆ ಒಂದು ತಿಂಗಳು ಉಳಿದಿತ್ತು. ತಂಗಿ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದಳು: "ಆಪಾ, ಇವನಿಗೆ ರಾತ್ರಿ ನಿದ್ದೆಯೇ ಬರುವುದಿಲ್ಲ. ಎದೆ ಡವಡವ ಎನ್ನುತ್ತದಂತೆ. ಯಾರ ದೃಷ್ಟಿ ಬಿತ್ತೋ ಏನೋ. ನೀವು ಏನಾದರೂ ಓದಿ ದಮ್ ಮಾಡಿ."

ನಾನು ಮದ್ರಸದಲ್ಲಿ ಪಾಠ ಹೇಳುವವಳು. ಓದಿ ದಮ್ ಮಾಡಿದೆ. ಆಮೇಲೆ ಕೇಳಿದೆ, "ಇವನು ಈಗ ಏನು ತಿನ್ನುತ್ತಿದ್ದಾನೆ?"

ಆಗ ಆ ಡಬ್ಬಿ ಹೊರಗೆ ಬಂತು. ಜಿಮ್‌ನ ತರಬೇತುದಾರರೊಬ್ಬರು ಕೊಡಿಸಿದ್ದಂತೆ. ಆಟಕ್ಕೆ ಮುಂಚೆ ಎರಡು ಚಮಚ. "ಗಿಡಮೂಲಿಕೆಯದು, ಏನೂ ಆಗುವುದಿಲ್ಲ" ಎಂದಿದ್ದರಂತೆ. ಹಣ ಎಲ್ಲಿಂದ ಬಂತು ಗೊತ್ತೇ? ತಂಗಿ ರಾತ್ರಿ ಕುಳಿತು ಹೊಲಿದ ಬ್ಲೌಸ್‌ಗಳ ಕೂಲಿಯಿಂದ. ನನ್ನ ಬಿ.ಎ.ಯ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡು ಲೇಬಲ್ ಓದಲು ಕುಳಿತೆ. ಹೆಸರುಗಳು ಓದಲು ಬಂದವು, ಅರ್ಥವಾಗಲಿಲ್ಲ. ತಾಯಿಗೂ ಮಗನಿಗೂ ಅರ್ಥವಾಗಿರಲಿಲ್ಲ. ಮೂವರಿಗೂ ಅರ್ಥವಾಗದ ವಸ್ತು ಮಗುವಿನ ಹೊಟ್ಟೆಗೆ ದಿನವೂ ಹೋಗುತ್ತಿತ್ತು!

ಅಂದು ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಎರಡು ಸಂಗತಿಗಳನ್ನು ನಿಮಗೂ ಹೇಳುತ್ತೇನೆ.

ಸತ್ನಾಮ್ ಸಿಂಗ್ ಎಂಬ ಹೆಸರು ಅವನಿಗೆ ಗೊತ್ತಿತ್ತು. ಬಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೆಲ್ಲ ಗೊತ್ತು. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತರ ಮಗ. ಏಳು ಅಡಿಗೂ ಮೀರಿದ ಎತ್ತರ. ಲುಧಿಯಾನದ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ, ಇನ್ನೂ 14ರ ಹುಡುಗನಾಗಿದ್ದಾಗಲೇ, ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದ. ಇಂಗ್ಲಿಷ್ ಕೂಡ ಸರಿಯಾಗಿ ಬಾರದು. 2015ರಲ್ಲಿ ಅಲ್ಲಿನ ಪ್ರಸಿದ್ಧ ಎನ್‌ಬಿಎ ಲೀಗ್‌ಗೆ ಆಟಗಾರರನ್ನು ಆರಿಸುವಾಗ ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವನಾಗಿ ಅವನ ಹೆಸರನ್ನು ಕರೆಯಿತು. ಭಾರತದಲ್ಲಿ ಹುಟ್ಟಿದವರಲ್ಲಿ ಹಾಗೆ ಆಯ್ಕೆಯಾದ ಮೊದಲಿಗ ಅವನೇ. ಆದರೆ ಎನ್‌ಬಿಎ ಪಂದ್ಯವೊಂದರಲ್ಲಿ ಆಡುವ ಅವಕಾಶ ಮಾತ್ರ ಸಿಗಲಿಲ್ಲ. ಕೆಳಗಿನ ಲೀಗ್‌ನಲ್ಲಿ ಆಡಿದ, ಕೆನಡಾದಲ್ಲಿ ಆಡಿದ, ದೇಶದ ತಂಡಕ್ಕೆ ಮರಳಿದ.

ಮುಂದಿನದು ನಮ್ಮ ರಾಜ್ಯದಲ್ಲೇ ನಡೆಯಿತು. 2019ರ ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕಾಗಿ ಬೆಂಗಳೂರಿನಲ್ಲಿ ಶಿಬಿರವಿತ್ತು. ಆಗ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ (ನಾಡಾ) ಪಡೆದ ಮಾದರಿಯಲ್ಲಿ ಹಿಜೆನಮೈನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. ತಾನು ತಪ್ಪು ಮಾಡಿಲ್ಲವೆಂದು ಅವನು ಹೇಳಿದ. ಆದರೂ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷಗಳ ನಿಷೇಧದ ತೀರ್ಪು ಬಂತು. 24, 25ರ ಪ್ರಾಯ ಆಟಗಾರನಿಗೆ ಎಷ್ಟು ಅಮೂಲ್ಯವೆಂದು ಯೋಚಿಸಿ! 2021ರಲ್ಲಿ ಅವನು ಅಮೆರಿಕದ ಕುಸ್ತಿ ಪ್ರದರ್ಶನದ ಕಂಪೆನಿಯೊಂದನ್ನು ಸೇರಿದ.

ಈ ಹಿಜೆನಮೈನ್ ಎಲ್ಲಿರುತ್ತದೆ? ಕೆಲವು ಗಿಡಗಳಲ್ಲಿ. ಕೊಬ್ಬು ಕರಗಿಸುವ, ಚುರುಕು ತರುವ ಪುಡಿಗಳಲ್ಲೂ ಅದನ್ನು ಬೆರೆಸುವುದುಂಟು. "ಗಿಡಮೂಲಿಕೆಯದು, ಏನೂ ಆಗುವುದಿಲ್ಲ" ಎಂಬ ಮಾತಿನ ಬೆಲೆ ಇಷ್ಟೇ.

ಇನ್ನೊಂದು ನಮ್ಮ ಕರಾವಳಿಯ ಹೆಣ್ಣುಮಗಳ ಕತೆ. ಅಶ್ವಿನಿ ಅಕ್ಕುಂಜೆ, ಉಡುಪಿ ಜಿಲ್ಲೆಯ ಸಿದ್ಧಾಪುರದ ಕಡೆಯ ಕೃಷಿಕರ ಮಗಳು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ. ಮರುತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಒಂದು ವರ್ಷ ತುಂಬುವುದರೊಳಗೆ, 2011ರಲ್ಲಿ, ಅವರ ಮಾದರಿಯಲ್ಲಿ ಸ್ಟಿರಾಯ್ಡ್ ಸಿಕ್ಕಿತು. ರಿಲೇಯ ಜೊತೆಗಾರ್ತಿಯರೂ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಸೇವಿಸಿದ್ದೆವು, ಅದರಲ್ಲಿ ಏನಿತ್ತೋ ನಮಗೆ ತಿಳಿಯದು ಎಂಬುದು ಅವರ ಅಳಲು. ಕೋಚ್ ಕೆಲಸ ಕಳೆದುಕೊಂಡರು. ಓಟಗಾರ್ತಿಯರಿಗೆ ಮೊದಲು ಒಂದು ವರ್ಷದ ಶಿಕ್ಷೆಯಾಯಿತು. ವಿಷಯ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಗಿ, 2012ರ ಜುಲೈಯಲ್ಲಿ ಅದು ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಅಶ್ವಿನಿ ಶಿಕ್ಷೆ ಮುಗಿಸಿ ಮತ್ತೆ ಓಡಿದರು, ಆ ಧೈರ್ಯ ಮೆಚ್ಚಬೇಕು. ಆದರೆ ಕಳೆದ ವರ್ಷಗಳು ಮರಳಿದವೇ?

ಕ್ರೀಡೆಯ ಈ ಕಾನೂನು ತುಂಬ ಕಠಿಣ. ದೇಹದಲ್ಲಿ ಸಿಕ್ಕಿದ್ದಕ್ಕೆ ಆ ದೇಹದ ಒಡೆಯನೇ ಹೊಣೆ. ಕೊಟ್ಟವರು ಯಾರು, ಗೊತ್ತಿತ್ತೇ ಇಲ್ಲವೇ ಎಂಬುದು ಶಿಕ್ಷೆಯನ್ನು ಕಡಿಮೆ ಮಾಡಬಹುದು, ತಪ್ಪನ್ನು ಅಳಿಸದು. ನೆಗಡಿ, ದಮ್ಮಿನ ಕೆಲವು ಔಷಧಗಳೂ ನಿಷೇಧದ ಪಟ್ಟಿಯಲ್ಲಿವೆ. ಕಾಯಿಲೆಗೆ ಅಂಥ ಔಷಧ ಬೇಕೇಬೇಕಾದರೆ ವೈದ್ಯರ ದಾಖಲೆಯೊಂದಿಗೆ ಅನುಮತಿ ಪಡೆಯಬೇಕು. ಔಷಧದ ಹೆಸರು ಹಾಕಿ ಪರೀಕ್ಷಿಸಲು ನಾಡಾದ 'ನೋ ಯುವರ್ ಮೆಡಿಸಿನ್' ಎಂಬ ಮೊಬೈಲ್ ಆ್ಯಪ್ ಇದೆ. ಆದರೆ ಡಬ್ಬಿಯ ಮೇಲೆ ಬರೆಯದೆ ಒಳಗೆ ಬೆರೆಸಿದ್ದನ್ನು ಯಾವ ಆ್ಯಪ್ ತಾನೇ ಹೇಳೀತು?

ಸತ್ನಾಮ್‌ನ ವಿಷಯ ಕೇಳಿ ಹುಡುಗ ಸುಮ್ಮನಾದ. ಮರುದಿನ ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಎದೆ ಪರೀಕ್ಷಿಸಿ, ಇಸಿಜಿ ಮಾಡಿಸಿ, ಭಯವಿಲ್ಲ ಎಂದರು. ಲೇಬಲ್‌ನಲ್ಲಿ ಕೆಫೀನ್ ಎಷ್ಟಿದೆಯೆಂದು ಬೆರಳಿಟ್ಟು ತೋರಿಸಿ, ಇಂದೇ ನಿಲ್ಲಿಸಿ ಎಂದರು. ವಾರದೊಳಗೆ ನಿದ್ದೆ ಬಂತು.

ಆದರೆ ಆಯ್ಕೆಯಲ್ಲಿ ಅವನ ಹೆಸರು ಬರಲಿಲ್ಲ. "ಖಾಲಾ, ನೀವು ನಿಲ್ಲಿಸದಿದ್ದರೆ ನಾನು ತಂಡದಲ್ಲಿರುತ್ತಿದ್ದೆ" ಎಂದುಬಿಟ್ಟ. ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನನಗೂ ನೋವಾಯಿತು. ಅವನು ಹೇಳಿದ್ದು ನಿಜವೂ ಇರಬಹುದು. ಹಾಗಿದ್ದರೂ ನಾನು ಮತ್ತೆ ಅದನ್ನೇ ಮಾಡುತ್ತೇನೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಮಕ್ಕಳಿಗೆ ದಿನವೂ ಕಲಿಸುವವಳು, ಸ್ವಂತ ತಂಗಿಯ ಮನೆಯಲ್ಲಿ ಅದನ್ನು ಮರೆಯಲು ಆದೀತೇ?

ಈಗ ತಂಗಿ ಅದೇ ಹೊಲಿಗೆಯ ಹಣದಲ್ಲಿ ಮೊಟ್ಟೆ, ಹಾಲು, ಕಡಲೆಕಾಯಿ ತರುತ್ತಾಳೆ. ಹುಡುಗ ಬೆಳಗಿನ ನಮಾಝ್ ಮುಗಿಸಿ ಚೆಂಡು ಹಿಡಿದು ಹೊರಡುತ್ತಾನೆ. ಮುಂದಿನ ಆಯ್ಕೆಗೆ ಮತ್ತೆ ಹೋಗುತ್ತಾನಂತೆ. ಹೋಗಲಿ, ಗೆದ್ದರೆ ಸಂತೋಷ.

ಸಹೋದರಿಯರೇ, ಮಕ್ಕಳು ಆಡಲಿ, ಬಿಡಿ. ಹೆಣ್ಣುಮಕ್ಕಳೂ ಆಡಲಿ. ಆದರೆ ಅವರ ಬಾಯಿಗೆ ಹೋಗುವ ಪ್ರತಿಯೊಂದರ ಹೆಸರನ್ನೂ ಕೇಳಿ. ನಿಮಗೆ ತಿಳಿಯದಿದ್ದರೆ ನಾಚಿಕೊಳ್ಳಬೇಡಿ, ಡಬ್ಬಿಯನ್ನು ಎತ್ತಿಕೊಂಡು ವೈದ್ಯರ ಬಳಿಗೆ ನಡೆಯಿರಿ. ಕೋಚ್, ತರಬೇತುದಾರ, ಅಂಗಡಿಯವನು ನಾಳೆ ಮರೆಯಾದಾರು. ಮಗುವಿನ ಪಕ್ಕದಲ್ಲಿ ಉಳಿಯುವವರು ನೀವೇ.