ಆನಿಕೆಯಿಲ್ಲದ ಇಟ್ಟಿಗೆ

ಇನ್ನೊಂದು ಸೌದೆ ಒಳಕ್ಕೆ ನೂಕ್ರೋ, ಹೇಳ್ತೀನಿ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತಲ್ಲ, ಅದಾದ ಮೇಲಿನ ಮಾತು. ರಾಜ್ಯ ಬೇರೆಯಾದರೂ ಬೆಳುಗುಪ್ಪದ ನಮ್ಮ ಮಾವನಿಗೆ ಗಾರೆ ಕೆಲಸ ಸಿಗ್ತಿದ್ದದ್ದು ಬಳ್ಳಾರಿಯಲ್ಲೇ. ಒಂದು ಬೇಸಿಗೆ ನನ್ನನ್ನೂ ರಾಯದುರ್ಗದಲ್ಲಿ ರೈಲು ಹತ್ತಿಸಿಕೊಂಡು ಹೋದ.

ಕಂಟೋನ್ಮೆಂಟಿನ ಹಳೇ ಬಂಗಲೆ. ಇಂಗ್ಲಿಷರು ಬಿಟ್ಟು ಹೋದದ್ದು ಒಬ್ಬ ಸಾಹುಕಾರರ ಕೈಗೆ ಬಂದಿತ್ತು. ಮೊಳ ಮೀರಿದ ದಪ್ಪದ ಇಟ್ಟಿಗೆ ಗೋಡೆ, ಸುತ್ತ ಕಂಬದ ವರಾಂಡ, ಬಿಸಿಗಾಳಿ ಹೋಗೋಕೆ ಮೇಲೆ ಗವಾಕ್ಷಿ. ಅವರ ಸೀಮೆಯಲ್ಲಾದರೆ ಮಳೆ, ಹಿಮಕ್ಕೆ ಇಳಿಜಾರು ಸೂರು. ಇಲ್ಲಿ ಚಪ್ಪಟೆ ತಾರಸಿ. ನಾವು ಜಂತಿ ಮೇಲೆ ಚೌಳು ಮಣ್ಣು ಹಾಕ್ತೀವಿ, ಅವರು ಇಟ್ಟಿಗೆ ಕೂಡಿಸಿದರು. ನನ್ನ ಕೇಳಿದರೆ ಅದು ಕೋಟು ತೊಟ್ಟ ಮಾಳಿಗೆಮನೆ.

ಒಂದು ಮೂಲೆ ಸೋರಿ ತೊಲೆ ಲಡ್ಡಾಗಿತ್ತು. ಮಾವ ಹೊಸ ತೇಗದ ತೊಲೆ ಕೂಡಿಸಿ, ತೆಳ್ಳನೆ ಪುಟ್ಟ ಇಟ್ಟಿಗೆಗಳನ್ನ ಅಂಚಿನ ಮೇಲೆ ನಿಲ್ಲಿಸಿ, ತೊಲೆಯಿಂದ ತೊಲೆಗೆ ಓರೆಯಾಗಿ ಕಟ್ಟುತ್ತ ಹೋದ. ಕೆಳಗೆ ಹಲಗೆಯಿಲ್ಲ, ಆನಿಕೆಯಿಲ್ಲ! ಸುಣ್ಣದ ಗಾರೆ ಮೆತ್ತಿ ಪಕ್ಕದ ಇಟ್ಟಿಗೆಗೆ ಒತ್ತಿ ಹಿಡಿದರೆ ಅಲ್ಲೇ ಅಂಟಿ ನಿಲ್ಲೋದು. ತಲೆ ಮೇಲೆ ಬಿದ್ದೀತು ಅಂತ ನಾನು ಬಾಗಿಲು ಬಿಟ್ಟು ಒಳಗೆ ಕಾಲಿಡಲಿಲ್ಲ.

"ದೊರೆಗಳ ವಿದ್ಯೆ ಕಲಿತಿದೀಯಪ್ಪ" ಅಂದರು ಸಾಹುಕಾರರು.

"ದೊರೆಗಳು ಕರಣೆ ಹಿಡಿದದ್ದನ್ನ ಯಾರು ನೋಡಿದಾರೆ ಸ್ವಾಮಿ? ಇದು ಮದ್ರಾಸ್ ತಾರಸಿ" ಅಂದ ಮಾವ. ಮುಖ ನೋಡಿ ಮಾತಾಡೋ ಗಂಡಸಲ್ಲ ಅವನು.

ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಗಾರೆ ಹರವಿದ ಮೇಲೆ ಹೆಂಗಸರ ಕೆಲಸ. ಸಾಲಾಗಿ ಕೂತು, ಪದ ಹೇಳ್ತಾ, ಮರದ ಕೊಡತಿಯಿಂದ ಬಡಿದದ್ದೇ ಬಡಿದದ್ದು, ದಿನಗಟ್ಟಲೆ. ನಡುನಡುವೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸೋರು. ಮೊದಲು ದೊಪ್ಪದೊಪ್ಪ ಅಂತಿದ್ದ ಸದ್ದು ಬರಬರ್ತಾ ಗಟ್ಟಿಯಾಯಿತು. ಕೊಡತಿ ಪುಟಿಯೋಕೆ ಶುರುವಾದಾಗ ಹದ ಬಂತು ಅಂದಳು ಅವರಲ್ಲಿ ಹಿರಿಯಳು. ಬೆಲ್ಲ ಕಾಯೋ ಕೆಲಸ ನನ್ನದು. ಎಷ್ಟು ಉಳೀತು ಅಂತ ಕೇಳಬೇಡಿ.

ಗಾರೆ ಮಾಗಿದ ಮೇಲೆ ಸಾಹುಕಾರರು ಮೇಲೆ ನೀರು ನಿಲ್ಲಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಲಾಟೀನು ಎತ್ತಿ ಒಂದೊಂದು ಇಟ್ಟಿಗೆ ಸಾಲೂ ನೋಡಿದರು. ತೇವದ ಸುಳಿವಿಲ್ಲ. ಮಾವನಿಗೆ ಬಾಕಿ ಕೂಲಿ ಎಣಿಸಿ ಕೊಟ್ಟು, ಅಡುಗೆಮನೆ ತಾರಸಿಗೆ ಎಷ್ಟಾಗುತ್ತೆ ಅಂತ ಚೌಕಾಸಿಗೆ ಇಳಿದರು.