ಒಂದು ಬಾಟ್ಲಿ ಹಾಕ್ಬಿಡಿ ಸಾರ್

ಇಂದಿರಾನಗರದ ಕ್ಲಿನಿಕ್ಕಲ್ಲಿ ಡ್ರಿಪ್‌ಗೂ ಮೆನು ಕಾರ್ಡ್! ಮೈಕಾಂತಿಗೆ ಗ್ಲುಟಾಥಿಯೋನ್. ಸುಸ್ತಿಗೆ ಮೈಯರ್ಸ್ ಕಾಕ್‌ಟೇಲ್, ಅಂದ್ರೆ ಬಿ, ಸಿ ವಿಟಮಿನ್‌ಗಳು, ಮೆಗ್ನೀಷಿಯಂ, ಕ್ಯಾಲ್ಸಿಯಂ. ಮೂರು ವಾರದಿಂದ ರಾತ್ರಿ ಎರಡಕ್ಕೆ ಮಲಗ್ತಿದ್ದ ನಾನು ಸುಸ್ತಿನದಕ್ಕೇ ಬೆರಳಿಟ್ಟೆ. ಊರಲ್ಲಿ ಅಜ್ಜಿ ‘ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಬಿಡಿ ಸಾರ್’ ಅಂತ ಡಾಕ್ಟರ ಹತ್ರ ಹಟ ಹಿಡಿದಾಗ ನಕ್ಕವಳೂ ನಾನೇ.

ಫಾರಂನಲ್ಲಿ ಒಂದು ಪ್ರಶ್ನೆ: ಕಿಡ್ನಿ ತೊಂದರೆ ಇದೆಯೇ? ಅಪ್ಪನ ಕಿಡ್ನಿ ಹಾಳಾಗಿದ್ದು ಕ್ರಿಯಾಟಿನಿನ್ ನೋಡಿಸೋವರೆಗೂ ನಮಗೆ ಗೊತ್ತಿರಲಿಲ್ಲ. ಈಗ ವಾರಕ್ಕೆ ಮೂರು ಡಯಾಲಿಸಿಸ್. ರಕ್ತಕ್ಕೆ ನೇರವಾಗಿ ಹೋದ ಸಿ ವಿಟಮಿನ್ ಹೆಚ್ಚಾದ್ರೆ ಆಕ್ಸಲೇಟ್ ಆಗಿ ಕಿಡ್ನಿಯಲ್ಲೇ ಕೂರಬಹುದು. ನಾನು ಇದುವರೆಗೆ ಒಂದು ಟೆಸ್ಟೂ ಮಾಡಿಸಿಲ್ಲ.

‘ಇಲ್ಲ ಅಂತ ಟಿಕ್ ಮಾಡಿ ಮೇಡಂ, ಎಲ್ರೂ ಹಾಗೇ ಮಾಡೋದು’ ಅಂದ್ಲು ರಿಸೆಪ್ಷನ್ ಹುಡುಗಿ.

ಪೆನ್ನು ವಾಪಸ್ ಕೊಟ್ಟೆ. ಪಕ್ಕದ ರಸ್ತೆಯ ಲ್ಯಾಬಲ್ಲಿ ರಕ್ತ ಕೊಟ್ಟು ಬಂದಿದ್ದೀನಿ. ರಿಪೋರ್ಟ್ ನಾಳೆ ಸಂಜೆಗಂತೆ.